ಟಂಕಸಾಲೆ ಅಮ್ಮನ ದೂರು

ಅತ್ತೆ ತಮ್ಮ ಅನ್ನ ತಾವೇ ಬೇಯಿಸಿಕೊಳ್ಳಲು ಶುರುಮಾಡಿದಾಗ, ಹೊಟ್ಟೆ ಕೆಟ್ಟಿರಬೇಕು ಎಂದುಕೊಂಡು ಸೊಸೆ ಸುಮ್ಮನಿದ್ದಳು. ಮಾರನೆಯ ದಿನ ಅವರು ಪೇಟೆಗೆ ಹೋಗಿ, ತಮ್ಮ ಪಿಂಚಣಿಯ ದುಡ್ಡಿನಲ್ಲಿ ಒಂದು ಪುಟ್ಟ ಪಾತ್ರೆ, ಅಕ್ಕಿ, ಬೇಳೆ, ಉಪ್ಪು ಎಲ್ಲವನ್ನೂ ಬೇರೆಯಾಗಿ ತಂದು ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿದಾಗ, ಕೆಟ್ಟಿರುವುದು ಹೊಟ್ಟೆಯಲ್ಲ ಎಂದು ಅವಳಿಗೆ ಅರ್ಥವಾಯಿತು.

"ಉಪ್ಪೂ ಬೇರೆನಾ ಅತ್ತೆ?" ಎಂದು ಕೇಳಿದಳು.

"ಉಪ್ಪೇ ಮೊದಲು ಬೇರೆ ಆಗ್ಬೇಕು. ಋಣ ಅಂಟ್ಕೊಳ್ಳೋದು ಅದರಿಂದಲೇ," ಎಂದರು ಅತ್ತೆ, ಅಕ್ಕಿಯಲ್ಲಿ ಕಲ್ಲು ಆರಿಸುತ್ತ. "ನಿನ್ನ ಮೇಲೆ ಸಿಟ್ಟಿಲ್ಲಮ್ಮ. ನಿನ್ನ ಅಡುಗೆಗೆ ಹೆಸರಿಡೋ ಹಾಗಿಲ್ಲ. ಆದ್ರೆ ಕಾಸು ಕರಗಿಸಿದ ದುಡ್ಡಲ್ಲಿ ಬೆಂದ ಅನ್ನ ನನ್ನ ಗಂಟಲಲ್ಲಿ ಇಳಿಯಲ್ಲ."

ಮದುವೆಯಾಗಿ ಬಂದ ಮೇಲೆ ಅತ್ತೆ ಅವಳ ಅಡುಗೆಯನ್ನು ಹೊಗಳಿದ್ದು ಅದೇ ಮೊದಲು. ಹೊಗಳಿಕೆ ಬಂದ ಗಳಿಗೆಯೇ ಊಟ ಬೇರೆಯಾಗಿತ್ತು. ನಗಬೇಕೋ ಅಳಬೇಕೋ ತಿಳಿಯದೆ ಸೊಸೆ ಹಿತ್ತಲಿಗೆ ನಡೆದಳು.

ಹಿತ್ತಲಿನಲ್ಲೇ ಗಂಡನ ಎರಕದ ಶೆಡ್ಡು. ನೀರಿನ ಕೊಳವೆಗಳಿಗೆ ಹಾಕುವ ವಾಲ್ವುಗಳನ್ನು ಅಲ್ಲಿ ಎರಕ ಹೊಯ್ಯುತ್ತಿದ್ದರು. ಕುಲುಮೆ, ಮರಳಿನ ಅಚ್ಚು, ಕಡೆಯುವ ಯಂತ್ರ ಎಲ್ಲ ಗಂಡನದ್ದು ಮತ್ತು ಇಬ್ಬರು ಆಳುಗಳದ್ದು. ಕೊನೆಯ ಮೂಲೆಯ ನೀರಿನ ತೊಟ್ಟಿ ಮಾತ್ರ ಸೊಸೆಯದ್ದು. ತಯಾರಾದ ಪ್ರತಿ ವಾಲ್ವಿನ ಬಾಯಿ ಮುಚ್ಚಿ, ಒಳಗೆ ಗಾಳಿ ತುಂಬಿ, ನೀರಿನಲ್ಲಿ ಮುಳುಗಿಸಿ ಹಿಡಿಯುವುದು ಅವಳ ಕೆಲಸ. ಗುಳ್ಳೆ ಬರದಿದ್ದರೆ ಬಲಗಡೆಯ ಬುಟ್ಟಿಗೆ, ಬಂದರೆ ಎಡಗಡೆಯ ಬುಟ್ಟಿಗೆ. ಬಲಗಡೆಯ ಬುಟ್ಟಿಯಿಂದ ಹೋದ ಮಾಲು ಇವತ್ತಿನವರೆಗೂ ಯಾರ ಮನೆಯಲ್ಲೂ ಸೋರಿ ವಾಪಸು ಬಂದಿರಲಿಲ್ಲ. ಅವಳು ಅದನ್ನು ಬಾಯಿಬಿಟ್ಟು ಹೇಳಿಕೊಂಡವಳಲ್ಲ, ಆದರೆ ಬೇರೆ ಯಾರಾದರೂ ಹೇಳಿದರೆ ಬೇಡ ಅನ್ನುವವಳೂ ಅಲ್ಲ.

ತಂಟೆ ಶುರುವಾದದ್ದು ತಾಮ್ರದ ಬೆಲೆಯಿಂದ. ಹೊಸ ಬಡಾವಣೆ ಕಟ್ಟಿಸುತ್ತಿದ್ದ ಗುತ್ತಿಗೆದಾರನೊಬ್ಬ ದೊಡ್ಡ ಆರ್ಡರು ಕೊಟ್ಟಿದ್ದ. ದರ ಮಾತಾಡಿ ಕೈಕುಲುಕಿದ ಮೇಲೆ ಗುಜರಿ ತಾಮ್ರ, ಹಿತ್ತಾಳೆ ಎಲ್ಲದರ ಬೆಲೆ ನೆತ್ತಿಗೇರಿ ಕೂತಿತು. ಆಗ ಗಂಡನಿಗೆ ಯಾರೋ ಹಳದಿ ಕಾಸಿನ ದಾರಿ ತೋರಿಸಿದರು. ಚಲಾವಣೆಯಲ್ಲಿದ್ದ ನಾಣ್ಯಗಳಲ್ಲೇ ಎಲ್ಲಕ್ಕಿಂತ ಸಣ್ಣದು ಅದು. ಮೇಲೆ ಅಚ್ಚಾಗಿರುವ ಬೆಲೆಗಿಂತ ಒಳಗಿನ ಲೋಹದ ಬೆಲೆಯೇ ಹೆಚ್ಚಾಗಿಬಿಟ್ಟಿತ್ತು. ತೂಕದ ಯಂತ್ರದವರು, ಸಾರ್ವಜನಿಕ ಶೌಚಾಲಯದವರು, ಬಸ್ಸಿನ ಕಂಡಕ್ಟರುಗಳು, ಇವರಿಂದೆಲ್ಲ ಒಬ್ಬ ಅದನ್ನು ಒಟ್ಟುಮಾಡಿ ಸಿಮೆಂಟಿನ ಚೀಲದಲ್ಲಿ ತುಂಬಿ ಮಾರುತ್ತಿದ್ದ.

ಮೊದಲ ಚೀಲ ಅಂಗಳದಲ್ಲಿ ಧೊಪ್ಪನೆ ಬಿದ್ದಾಗ ಅತ್ತೆ ಒಳಗೆ ಕೂತು ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಸದ್ದು ಕೇಳಿದ್ದೇ ಎಣ್ಣೆಗಾಲಿನಲ್ಲೇ ಎದ್ದು ಬಂದರು. ಚೀಲದ ಬಾಯಿ ಬಿಚ್ಚಿ ನೋಡುವುದೂ ಬೇಕಾಗಲಿಲ್ಲ. ಟಂಕಸಾಲೆಯಲ್ಲಿ ಹರೆಯದಿಂದ ನಿವೃತ್ತಿಯವರೆಗೆ ಪಟ್ಟಿಯ ಮೇಲೆ ಹರಿದು ಬರುವ ನಾಣ್ಯಗಳ ಮುಂದೆ ಕೂತು, ಅಂಚು ಒಡೆದದ್ದು, ಮುಖ ಮಸುಕಾದದ್ದು ಆರಿಸಿ ತೆಗೆದ ಹೆಂಗಸು ಅವರು. ಬೀದಿಯಲ್ಲಿ ಈಗಲೂ ಅವರಿಗೆ ಟಂಕಸಾಲೆ ಅಮ್ಮ ಎಂದೇ ಹೆಸರು.

"ಪುಟ್ಟಾ, ಇದು ಯಾತಕ್ಕೆ?" ಎಂದು ಕೇಳಿದರು. ಪುಟ್ಟನಿಗೆ ಆಗಲೇ ತಲೆಗೂದಲು ಅರ್ಧ ಬೆಳ್ಳಗಾಗಿತ್ತು.

"ಯಾತಕ್ಕೆ ಅಂದ್ರೆ, ಕುಲುಮೆಗೆ."

ಅತ್ತೆ ಬಂದ ದಾರಿಯಲ್ಲೇ ತಿರುಗಿದರು. ಒಳಗೆ ಹೋಗಿ ಕಾಲಿನ ಎಣ್ಣೆ ಒರೆಸಿಕೊಂಡರು. ಅವತ್ತು ರಾತ್ರಿಯ ಊಟಕ್ಕೆ ಅವರು ತಟ್ಟೆಯ ಮುಂದೆ ಕೂರಲಿಲ್ಲ, ಮರುದಿನದಿಂದ ಒಲೆಯೇ ಬೇರೆಯಾಯಿತು.

ಊಟ ಬೇರೆಯಾದರೂ ಕೂರುವ ಮೇಜು ಒಂದೇ. ಇದು ಅತ್ತೆಯ ಹಟದ ಇನ್ನೊಂದು ಸೊಗಸು. ಕೋಣೆಯಲ್ಲಿ ಮುದುಡಿಕೊಂಡು ಉಣ್ಣುವ ಜಾಯಮಾನ ಅವರದ್ದಲ್ಲ. ತಮ್ಮ ಪಾತ್ರೆಯನ್ನು ತಂದು ಮಗನ ಎದುರಿಗೇ ಇಟ್ಟುಕೊಂಡು, ನಿಧಾನಕ್ಕೆ ತಿನ್ನುತ್ತಿದ್ದರು. ಮಗನಿಗೆ ಅದನ್ನು ನೋಡಿ ನೋಡಿ ತುತ್ತು ಸಿಕ್ಕಿಹಾಕಿಕೊಳ್ಳುತ್ತಿತ್ತು.

ಮೊಮ್ಮಗಳು ಕಾಲೇಜಿಗೆ ಹೋಗುವವಳು. ಮಾತು ಕಲಿತಂದಿನಿಂದ ಬಾಯಿ ಮುಚ್ಚದ ಕಾರಣಕ್ಕೆ ಮನೆಯಲ್ಲಿ ಗಿಣಿ ಎಂದು ಕರೆಯುತ್ತಿದ್ದರು. ಅವಳಿಗೆ ಇದೆಲ್ಲ ಕುಣಿಯಲು ಸಿಕ್ಕ ಅಂಗಳ. ಅಪ್ಪನ ಪರ ವಕಾಲತ್ತು ವಹಿಸಿದಳು.

"ಅಪ್ಪ ಕದ್ದಿಲ್ಲ ಅಜ್ಜಿ, ದುಡ್ಡು ಕೊಟ್ಟು ತಗೊಂಡಿದ್ದು. ನನ್ನ ಬಟ್ಟೆ ನಾನು ಹರ್ಕೊಂಡ್ರೆ ಪೊಲೀಸ್ ಬರ್ತಾರಾ?"

"ಬಟ್ಟೆ ನಿನ್ನದು. ಕಾಸು ಸರ್ಕಾರದ್ದು, ನಿನ್ನ ಕೈಲಿರುತ್ತೆ ಅಷ್ಟೆ. ಕರಗಿಸಬಾರದು ಅಂತ ಕಾನೂನೇ ಇದೆ," ಎಂದರು ಅತ್ತೆ. "ಬಸ್ಸಲ್ಲೂ ದುಡ್ಡು ಕೊಟ್ಟೇ ಕೂತ್ಕೊಳ್ತೀಯ. ಇಳಿಯೋವಾಗ ಸೀಟು ಕಿತ್ಕೊಂಡು ಬರ್ತೀಯಾ?"

"ಟಂಕಸಾಲೆಯಲ್ಲೂ ಹಳೇ ಕಾಸು ಕರಗಿಸ್ತಾರೆ ಅಂತ ನೀವೇ ಹೇಳಿದ್ದು."

"ಕರಗಿಸಿ ಮತ್ತೆ ಕಾಸೇ ಮಾಡ್ತಾರೆ. ನಲ್ಲಿ ಮಾಡಲ್ಲ."

ಗಂಡ ಅಲ್ಲಿಯವರೆಗೆ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದವನು ಬಾಯಿ ಹಾಕಿದ. ಈ ಕಾಸನ್ನು ಅಂಗಡಿಯವರೂ ಮುಟ್ಟುವುದಿಲ್ಲ, ಕೆಳಗೆ ಬಿದ್ದರೆ ಯಾರೂ ಬಗ್ಗುವುದಿಲ್ಲ, ಮಾಡುವ ಖರ್ಚೇ ಅದರ ಬೆಲೆಯನ್ನು ಮೀರಿದೆ, ಸರ್ಕಾರದ ಪೆದ್ದತನಕ್ಕೆ ಕಾನೂನಿನ ಕಾವಲು ಬೇರೆ ಕೇಡು ಎಂದು ಒಂದೇ ಉಸಿರಿಗೆ ಹೇಳಿದ. ಗಿಣಿಯ ಫೀಜಿನ ಮಾತೂ ನಡುವೆ ಬಂತು. ಆ ಮಾತು ಬಂದಾಗ ಗಿಣಿ ಮಾತ್ರ ಸ್ವಲ್ಪ ತೆಪ್ಪಗಾದಳು.

ಅತ್ತೆ ಪಾತ್ರೆಯ ತಳದ ಅಗುಳನ್ನು ಬಳಿದು ತಿಂದು ಮುಗಿಸಿದರು. "ಕಾನೂನು ಪೆದ್ದಾಗಿದ್ರೆ ಹೋಗಿ ತಿದ್ದಿಸು. ಅರ್ಜಿ ಹಾಕು, ಗಲಾಟೆ ಮಾಡು, ನಾನೂ ಬಂದು ಪಕ್ಕದಲ್ಲಿ ನಿಂತ್ಕೊಳ್ತೀನಿ. ಕುಲುಮೆಗೆ ಹಾಕಿ ತಿದ್ದೋದಲ್ಲ ಅದು. ಇನ್ನೊಂದು ಚೀಲ ಕರಗಿತು ಅಂದ್ರೆ ಪೊಲೀಸ್ ಠಾಣೆಗೆ ನಾನೇ ಹೋಗಿ ದೂರು ಕೊಡ್ತೀನಿ ಪುಟ್ಟಾ. ಆಮೇಲೆ ಅಮ್ಮ ಹೇಳಿರಲಿಲ್ಲ ಅನ್ನಬೇಡ."

ಮೇಜಿನ ಸುತ್ತ ಯಾರೂ ನಗಲಿಲ್ಲ, ಯಾಕೆಂದರೆ ಚಪ್ಪಲಿಯ ಕತೆ ಎಲ್ಲರಿಗೂ ಗೊತ್ತಿತ್ತು. ಅತ್ತೆ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸಂಜೆ, ಗೇಟಿನ ತಪಾಸಣೆ ದಾಟಿ ಬಸ್ ಹತ್ತಿ ಕೂತಾಗ ಅಂಗಾಲಿನ ಕೆಳಗೆ ಏನೋ ಒತ್ತಿದಂತಾಯಿತಂತೆ. ನೋಡಿದರೆ ಇನ್ನೂ ಅಚ್ಚು ಬೀಳದ ಬೋಳು ಬಿಲ್ಲೆಯೊಂದು ರಬ್ಬರಿನ ಬಿರುಕಿನಲ್ಲಿ ಸಿಕ್ಕಿಕೊಂಡಿದೆ. ಕಿತ್ತು ಚರಂಡಿಗೆ ಎಸೆದಿದ್ದರೆ ನರಪಿಳ್ಳೆಗೂ ತಿಳಿಯುತ್ತಿರಲಿಲ್ಲ. ಇವರು ಬಸ್ಸಿನಿಂದ ಇಳಿದು, ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಬರಿಗಾಲಿನಲ್ಲಿ ವಾಪಸು ನಡೆದು ಮೇಲಧಿಕಾರಿಯ ಮೇಜಿನ ಮೇಲೆ ಚಪ್ಪಲಿಯನ್ನೇ ಇಟ್ಟರು. ಪ್ರಾಮಾಣಿಕತೆಗೆ ಶಹಬ್ಬಾಸ್ ಸಿಗಲಿಲ್ಲ. ಮೇಜಿನ ಮೇಲೆ ಚಪ್ಪಲಿ ಇಟ್ಟದ್ದಕ್ಕೆ ನೋಟೀಸು ಸಿಕ್ಕಿತು. ಆ ನೋಟೀಸಿನ ವಿಷಯ ಹೇಳುವಾಗ ಅತ್ತೆಯ ಮುಖ ಈಗಲೂ ಪದಕ ಸಿಕ್ಕವರ ಹಾಗೆ ಅರಳುತ್ತಿತ್ತು.

ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ಸೊಸೆಯ ಮನಸ್ಸು ಗಂಡನ ಕಡೆಗೇ ವಾಲಿತ್ತು. ಮನೆ ನಡೆಸುವವಳು ಅವಳು. ಅಕ್ಕಿ ಡಬ್ಬ ಯಾವಾಗ ತಳ ಕಾಣುತ್ತದೆ ಎಂಬುದು ಅತ್ತೆಗಿಂತ ಅವಳಿಗೆ ಚೆನ್ನಾಗಿ ಗೊತ್ತು. ಯಾರಿಗೂ ಬೇಡವಾದ ಕಾಸು ತನ್ನ ಮನೆಯ ಒಲೆ ಉರಿಸಿದರೆ ಯಾರ ಗಂಟೇನು ಹೋಯಿತು ಎಂದೇ ಅವಳ ಲೆಕ್ಕ. ಆ ಲೆಕ್ಕ ಕೆಟ್ಟದ್ದು ಮೊಟ್ಟೆ ಅಂಗಡಿಯಲ್ಲಿ.

ಅವಳ ಮುಂದೆ ಸರದಿಯಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಕಟ್ಟಡದ ಕೆಲಸದಿಂದ ನೇರ ಬಂದವಳು, ಮೊಣಕೈವರೆಗೂ ಸಿಮೆಂಟಿನ ಬೂದಿ. ಒಂದು ಮೊಟ್ಟೆ ಕೇಳಿ ದುಡ್ಡು ಕೊಟ್ಟಳು. ಅಂಗಡಿಯವನು ಚಿಲ್ಲರೆ ಇಲ್ಲ, ಹಳದಿ ಕಾಸು ಈಚೆಗೆ ಕಣ್ಣಿಗೇ ಬೀಳುತ್ತಿಲ್ಲ, ಬೇಕಿದ್ದರೆ ಮಿಕ್ಕಿದ್ದಕ್ಕೆ ಪೆಪ್ಪರ್‌ಮಿಂಟು ತಗೋ ಎಂದ. ನಿನ್ನೆಯೂ ಪೆಪ್ಪರ್‌ಮಿಂಟೇ ಕೊಟ್ಟೆ, ಹಾಲಿನವನೂ ಅದನ್ನೇ ಕೊಟ್ಟ, ಅವನ್ನೆಲ್ಲ ಬಸ್ಸಿನವನಿಗೆ ಕೊಟ್ಟರೆ ಟಿಕೀಟು ಕೊಡುತ್ತಾನಾ ಎಂದು ಹೆಂಗಸು ಕೇಳಿದಳು. ಅಂಗಡಿಯವನು ನಕ್ಕ. ಅವಳು ನಗಲಿಲ್ಲ. ಮೊಟ್ಟೆಯನ್ನು ಮೆಲ್ಲಗೆ ತಟ್ಟೆಗೆ ವಾಪಸಿಟ್ಟು, ದುಡ್ಡು ಎತ್ತಿಕೊಂಡು ಹೋದಳು.

ಸೊಸೆಗೆ ಒಂದು ಡಜನ್ ಮೊಟ್ಟೆ ಬೇಕಿತ್ತು. ಡಜನ್ ತೆಗೆದುಕೊಳ್ಳುವವರಿಗೆ ಚಿಲ್ಲರೆಯ ತಾಪತ್ರಯವೇ ಇರುವುದಿಲ್ಲ. ಪೇಟೆಯ ಹಳದಿ ಕಾಸೆಲ್ಲ ಎಲ್ಲಿದೆ ಎಂದು ಅಂಗಡಿಯವನಿಗೆ ಗೊತ್ತಿಲ್ಲದಿದ್ದರೂ ಅವಳಿಗೆ ಗೊತ್ತಿತ್ತು. ಅದು ಅವಳ ಹಿತ್ತಲಲ್ಲಿತ್ತು.

ಸಂಜೆ ಗಂಡನಿಗೆ ಇದನ್ನು ಹೇಳಿದಳು. ಅವನು ಕೈ ತೊಳೆಯುತ್ತ ಕೇಳಿಸಿಕೊಂಡ. ನಾನೊಬ್ಬ ಬಿಟ್ಟರೆ ಇನ್ನೊಬ್ಬ ಕರಗಿಸುತ್ತಾನೆ ಎಂದ. ಅದು ಸುಳ್ಳೇನೂ ಆಗಿರಲಿಲ್ಲ. ಗುತ್ತಿಗೆದಾರ ಫೋನಿನ ಮೇಲೆ ಫೋನು ಮಾಡುತ್ತಿದ್ದ. ಆ ವಾರವೇ ಎರಡನೆಯ ಚೀಲವೂ ಕುಲುಮೆಯ ಮೂಸೆಗೆ ಬಿತ್ತು.

ಅವತ್ತು ಸೊಸೆ ಜೀವ ಕೈಯಲ್ಲಿ ಹಿಡಿದುಕೊಂಡು ಅತ್ತೆಯ ಮುಖ ನೋಡಿದಳು. ಅತ್ತೆ ಹೊಗೆಯ ಕಡೆ ನೋಡುತ್ತ ಬಟ್ಟೆ ಒಣಹಾಕಿದರು. ಊಟದ ಹೊತ್ತಿಗೆ ತಣ್ಣಗೆ ಹೇಳಿದರು: "ಒಂದನೇ ತಾರೀಕು ಪಿಂಚಣಿಗೆ ಅಂತ ಪೇಟೆಗೆ ಹೋಗೋದಿದೆ. ಅವತ್ತೇ ಠಾಣೆಗೂ ಹೋಗಿ ಬರ್ತೀನಿ. ಅದಕ್ಕಂತ ಬೇರೆ ಬಸ್ ಚಾರ್ಜ್ ಯಾಕೆ ದಂಡ. ಅಷ್ಟರೊಳಗೆ ನೀನೇ ಹೋಗಿ ಹೇಳಿದ್ರೆ ನನ್ನ ಕಾಲಿಗೂ ಒಳ್ಳೇದು."

"ಹೆತ್ತ ಮಗನ್ನ ಹಿಡ್ಕೊಡೋ ತಾಯಿ ಎಲ್ಲಾದ್ರೂ ಇದ್ದಾಳಾ?" ಎಂದು ಗಂಡ ಹೆಂಡತಿಯ ಕಡೆ ತಿರುಗಿ ಕೇಳಿದ.

"ಇಲ್ಲೇ ಕೂತಿದ್ದೀನಲ್ಲ," ಎಂದರು ಅತ್ತೆ.

ಗಿಣಿ ಆ ರಾತ್ರಿ ಅಮ್ಮನ ಹಾಸಿಗೆಗೆ ಬಂದು ಮಲಗಿದಳು. ಅಜ್ಜಿ ನಿಜವಾಗಿ ಹೋಗ್ತಾರಾ ಎಂದು ಕೇಳಿದಳು. ಸೊಸೆಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಹೋಗ್ತಾರೆ, ಈಗ ಮಲಗು ಎಂದಳು.

ಎರಡೂ ಚೀಲದ ಕಾಸಿನ ಲೋಹದಲ್ಲಿ ಹೊಯ್ದ ವಾಲ್ವುಗಳು ಒಟ್ಟಿಗೇ ಕಡೆದು ಹೊರಬಂದಾಗ ನೋಡಲು ಚಿನ್ನದಂತಿದ್ದವು. ಗಂಡ ಒಂದನ್ನು ಅಂಗಿಗೆ ಉಜ್ಜಿ ಬಿಸಿಲಿಗೆ ಹಿಡಿದು ತೋರಿಸಿದ. ಸೊಸೆ ಅದನ್ನು ಇಸಿದುಕೊಂಡು ಬಾಯಿ ಮುಚ್ಚಿ, ಗಾಳಿ ತುಂಬಿ, ತೊಟ್ಟಿಯಲ್ಲಿ ಮುಳುಗಿಸಿದಳು. ಮೊದಲು ಏನೂ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಕತ್ತಿನ ಸುತ್ತ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಮೂಡಿ ಮೇಲೆ ಬಂದವು. ಒರೆಸಿ ಮತ್ತೆ ಹಿಡಿದಳು, ಮತ್ತೆ ಬಂದವು. ಎರಡನೆಯದನ್ನು ಹಿಡಿದಳು, ಮೂರನೆಯದನ್ನು ಹಿಡಿದಳು. ಎಡಗಡೆಯ ಬುಟ್ಟಿ ತುಂಬಿ, ನೆಲದ ಮೇಲೂ ರಾಶಿ ಬಿತ್ತು. ಬಲಗಡೆಯ ಬುಟ್ಟಿಯಲ್ಲಿ ಬೆರಳೆಣಿಕೆಯಷ್ಟು ಮಾತ್ರ ಇದ್ದವು.

ಗಂಡ ಬಂದು ನೋಡಿ ಅಲ್ಲೇ ಕುಕ್ಕರಗಾಲಿನಲ್ಲಿ ಕೂತ. ಮರಳಿನಲ್ಲಿ ತೇವವಿತ್ತೇನೋ ಎಂದ, ಕಾವು ಹೆಚ್ಚಾಯಿತೇನೋ ಎಂದ. ಎಡಗಡೆ ಬಿದ್ದವನ್ನು ಮತ್ತೆ ಕರಗಿಸಿ, ಹೊಸ ತಾಮ್ರ ಬೆರೆಸಿ ಹೊಯ್ದ. ಮತ್ತೆ ಅದೇ ಹಾಡು. ಕೊನೆಗೆ ಒಂದು ತುಂಡನ್ನು ಪರೀಕ್ಷೆಗೆ ಕಳಿಸಿದ. ಲೋಹದಲ್ಲಿ ಅಲ್ಯುಮಿನಿಯಂ ಸೇರಿದೆ, ಇದರಲ್ಲಿ ನೀರು ತಡೆಯುವ ಮಾಲು ಆಗುವುದಿಲ್ಲ, ಒಮ್ಮೆ ಸೇರಿದ್ದನ್ನು ಇಂಥ ಕುಲುಮೆಯಲ್ಲಿ ಬೇರೆ ಮಾಡುವುದೂ ಆಗುವುದಿಲ್ಲ ಎಂದು ಅಲ್ಲಿಯವರು ಹೇಳಿದರು.

ಅವನು ಸೀದಾ ಅಮ್ಮನ ಮುಂದೆ ಬಂದು ನಿಂತ. "ನಿನಗೆ ಗೊತ್ತಿತ್ತಾ?"

"ಹೊಳಪಿಗೆ ಏನೋ ಹಾಕ್ತಿದ್ರು ಅಂತ ಗೊತ್ತು. ಏನು ಅಂತ ಗೊತ್ತಿಲ್ಲ. ನಾನು ಕರಗಿಸೋ ಕಡೆ ಇರಲಿಲ್ಲ ಪುಟ್ಟಾ, ಆರಿಸೋ ಕಡೆ ಇದ್ದೆ." ಅತ್ತೆಯ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಮಗನ ಕೈಮೇಲೆ ಮೂಸೆಯ ಕಿಡಿ ಹಾರಿ ಸುಟ್ಟ ಗಾಯವನ್ನೇ ನೋಡುತ್ತಿದ್ದರು.

ಗುತ್ತಿಗೆದಾರ ಮಾಲು ಒಯ್ಯಲು ಗಾಡಿ ಕಳಿಸುವ ದಿನ ಹತ್ತಿರ ಬಂದಿತ್ತು. ಅದರ ಹಿಂದಿನ ದಿನ ಮಧ್ಯಾಹ್ನ ಗಂಡ ಒಂದು ಡಬ್ಬ ಮೆರುಗೆಣ್ಣೆ ತಂದು ತೊಟ್ಟಿಯ ಕಟ್ಟೆಯ ಮೇಲಿಟ್ಟ. ಒಳಗೆ ಒಂದು ಕೈ ಬಳಿದರೆ ಸಣ್ಣ ರಂಧ್ರಗಳೆಲ್ಲ ಮುಚ್ಚಿಹೋಗುತ್ತವೆ, ತೊಟ್ಟಿಯಲ್ಲಿ ಗುಳ್ಳೆ ಬರುವುದಿಲ್ಲ, ಎಲ್ಲರೂ ಮಾಡುವುದೇ ಎಂದ. ಮಾತಾಡುವಾಗ ಅವನು ಅವಳ ಮುಖ ನೋಡಲಿಲ್ಲ.

"ಎಷ್ಟು ದಿನ ತಡೆಯುತ್ತೆ ರೀ ಅದು?"

"ನಮ್ಮ ಗೇಟು ದಾಟೋವರೆಗೂ ತಡೆಯುತ್ತೆ."

ಸೊಸೆ ಡಬ್ಬವನ್ನು ಎತ್ತಿ ಅವನ ಕೈಗೆ ಕೊಟ್ಟಳು. "ಬೇಕಿದ್ರೆ ನೀವೇ ಬಳೀರಿ, ನೀವೇ ತುಂಬಿಸಿ ಕಳಿಸಿ. ನನ್ನ ಬಲಗಡೆ ಬುಟ್ಟೀಲಿ ಅದು ಬೀಳಲ್ಲ."

"ನೀನೂ ಅಮ್ಮನ ಕಡೆ ಸೇರ್ಕೊಂಡ್ಯಾ?"

"ನಾನು ಅವರ ಕಡೆನೂ ಅಲ್ಲ, ನಿಮ್ಮ ಕಡೆನೂ ಅಲ್ಲ. ನಾನು ತೊಟ್ಟಿ ಕಡೆ."

ಮದುವೆಯಾದ ಮೇಲೆ ಅವನ ಕೆಲಸಕ್ಕೆ ಅವಳು ಎದುರು ನಿಂತದ್ದು ಅದೇ ಮೊದಲು. ಗಂಡ ಡಬ್ಬವನ್ನು ಕಟ್ಟೆಯ ಮೇಲೇ ಬಿಟ್ಟು, ಒಳಗೆ ಹೋಗಿ ಗುತ್ತಿಗೆದಾರನಿಗೆ ಫೋನು ಮಾಡಿದ. ಮಾಲು ಕೆಟ್ಟಿದೆ, ಹೊಸದಾಗಿ ಹೊಯ್ದು ಕೊಡುತ್ತೇನೆ, ತಡವಾಗುತ್ತದೆ ಎಂದ. ಆ ಕಡೆಯಿಂದ ಬಂದ ಬೈಗುಳ ಶೆಡ್ಡಿನವರೆಗೂ ಕೇಳಿಸಿತು. ಅವನು ಹೂಂ, ಹೂಂ ಎನ್ನುತ್ತ ಎಲ್ಲವನ್ನೂ ನುಂಗಿಕೊಂಡ. ಆ ಹೂಂಗಳನ್ನು ಕೇಳುತ್ತ ತೊಟ್ಟಿಯ ಪಕ್ಕ ನಿಂತಿದ್ದ ಸೊಸೆಗೆ, ಈ ಮನುಷ್ಯ ನನ್ನ ಗಂಡ ಎಂದು ಯಾರಿಗಾದರೂ ಹೇಳಬೇಕು ಅನ್ನಿಸಿತು.

ಹೆಮ್ಮೆ ಹೊಟ್ಟೆ ತುಂಬಿಸುವುದಿಲ್ಲವಲ್ಲ. ಒಳ್ಳೆಯ ತಾಮ್ರ ಕೊಳ್ಳಲು ಅವಳ ಬಳೆಗಳು ಗಿರವಿಗೆ ಹೋದವು. ಮನೆಯಲ್ಲಿ ಮೊಟ್ಟೆ, ಹಣ್ಣು ನಿಂತಿತು. ಗಿಣಿ ಬಸ್ಸು ಬಿಟ್ಟು ನಡೆದು ಕಾಲೇಜಿಗೆ ಹೋದಳು, ನಡೆದರೆ ತಲೆ ಚುರುಕಾಗುತ್ತದೆ ಎಂದು ತಾನೇ ಒಂದು ಸಿದ್ಧಾಂತ ಹೊಸೆದುಕೊಂಡಳು. ಕರಗಿಸದೆ ಉಳಿದ ಎರಡು ಚೀಲ ಕಾಸು ಶೆಡ್ಡಿನ ಮೂಲೆಯಲ್ಲಿ ಕೂತಿದ್ದವು. ಬಾಗಿಲ ಹಿಡಿಕೆ ಮಾಡುವವನೊಬ್ಬ ಅವಕ್ಕೆ ಒಳ್ಳೆಯ ಬೆಲೆ ಕೊಡುತ್ತೇನೆ ಎಂದು ಬಂದ. ಹಿಡಿಕೆಯಲ್ಲಿ ನೀರು ಹರಿಯುವುದಿಲ್ಲವಾದ್ದರಿಂದ ಅವನಿಗೆ ಯಾವ ಲೋಹವಾದರೂ ಸೈ. ಒಂದನೇ ತಾರೀಕು ತಂದು ಕೊಡುತ್ತೇನೆ ಎಂದು ಗಂಡ ಮಾತು ಕೊಟ್ಟ. ಆ ದುಡ್ಡು ಬಂದರೆ ಬಳೆ ವಾಪಸು ಬರುತ್ತಿತ್ತು.

ಇನ್ನು ಠಾಣೆಯ ಮಾತು ಮುಗಿಯಿತು ಎಂದು ಎಲ್ಲರೂ ಭಾವಿಸಿದ್ದರು, ಅತ್ತೆಯನ್ನು ಬಿಟ್ಟು. ಒಂದನೇ ತಾರೀಕು ಬೆಳಿಗ್ಗೆ ಅವರು ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ತಲೆ ನುಣ್ಣಗೆ ಬಾಚಿ, ಕೊಡೆ ಹಿಡಿದು ಹೊರಬಾಗಿಲಲ್ಲಿ ನಿಂತರು.

"ಕರಗಿಸೋದು ನಿಲ್ಲಿಸಿದ್ದೀನಲ್ಲಮ್ಮ," ಎಂದ ಮಗ. "ಇನ್ನು ಯಾತಕ್ಕೆ ಠಾಣೆ?"

"ಸೋರಿತು ಅಂತ ನಿಲ್ಲಿಸಿದೆ. ತಪ್ಪು ಅಂತ ನಿಲ್ಲಿಸಲಿಲ್ಲ. ಸೋರದೇ ಇದ್ದಿದ್ರೆ ಇವತ್ತೂ ಕುಲುಮೆ ಹೊಗೆಯಾಡ್ತಿತ್ತು," ಎಂದರು ಅತ್ತೆ. "ಆ ಎರಡು ಚೀಲ ಎಲ್ಲಿಗೆ ಹೋಗ್ತಿದೆ ಅಂತ ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ?"

ಮಗ ಗಾಡಿಯ ಕೀಲಿ ತೆಗೆದುಕೊಂಡ. ಬಿಸಿಲು ಆಗಲೇ ಏರಿತ್ತು, ಅಮ್ಮನ ಮೊಣಕಾಲು ಊದಿತ್ತು, ಬಸ್ಸು ಯಾವಾಗ ಬರುತ್ತದೋ ಗೊತ್ತಿರಲಿಲ್ಲ. "ಹತ್ತು. ನನ್ನನ್ನ ಹಿಡಿಸೋಕೆ ನಾನೇ ಡ್ರೈವರ್," ಎಂದು ಗೊಣಗಿದ. ಚೀಲಗಳು ಹಿಡಿಕೆಯವನಿಗೆಂದು ಗಾಡಿಯ ಹಿಂದೆ ಆಗಲೇ ಏರಿದ್ದವು. ಇಬ್ಬರಲ್ಲಿ ಯಾರನ್ನು ಯಾವಾಗ ಹಿಡಿದುಕೊಳ್ಳಬೇಕಾಗುತ್ತದೋ ಎಂದು ಸೊಸೆಯೂ ಹತ್ತಿದಳು. ಗಿಣಿ ಗೇಟಿನವರೆಗೆ ಬಂದು, ಈ ಕಾನೂನು ತಪ್ಪು ಎಂದು ಈಗಲೂ ಹೇಳುತ್ತೇನೆ ಎಂದಳು. ಹೇಳುತ್ತಲೇ ಇರು, ದೊಡ್ಡವಳಾಗಿ ತಿದ್ದಿಸು ಎಂದರು ಅಜ್ಜಿ, ಗಾಡಿಯ ಕಿಟಕಿಯಿಂದ.

ಠಾಣೆಯಲ್ಲಿ ಅಧಿಕಾರಿ ಚಹಾ ಕುಡಿಯುತ್ತಿದ್ದ. ಮಗ ಬಾಗಿಲ ಹತ್ತಿರವೇ ನಿಂತ. ಅತ್ತೆ ಮೇಜಿನ ಮುಂದಿನ ಕುರ್ಚಿಯಲ್ಲಿ ನೆಟ್ಟಗೆ ಕೂತು, ನಾಣ್ಯದ ವಿಷಯವಾಗಿ ದೂರು ಕೊಡಬೇಕು ಎಂದರು.

"ಕಳುವಾಗಿದೆಯಾ?"

"ಇಲ್ಲ. ಕರಗಿದೆ."

ಅಧಿಕಾರಿ ಲೋಟ ಕೆಳಗಿಟ್ಟ. ಅತ್ತೆ ಎಲ್ಲವನ್ನೂ ಹೇಳಿದರು. ಹಳದಿ ಕಾಸು, ಚೀಲ, ಕುಲುಮೆ. ಚಲಾವಣೆಯಲ್ಲಿರುವ ನಾಣ್ಯ ಕರಗಿಸಬಾರದು ಎಂದು ಕಾನೂನಿದೆ ಎಂದೂ ಹೇಳಿದರು. ಕರಗಿಸಿದವನು ಯಾರು ಎಂಬುದೊಂದನ್ನು ಮಾತ್ರ ಕೊನೆಗಿಟ್ಟುಕೊಂಡಿದ್ದರು, ಅಲ್ಲಿಯವರೆಗೆ ಅಧಿಕಾರಿ ಅವರನ್ನು ಹೋಗಗೊಡಲಿಲ್ಲ. ಪಕ್ಕದ ಪೇದೆಯ ಕಡೆ ನೋಡಿ ನಕ್ಕ. ಆ ಕಾಸನ್ನು ತನ್ನ ಮನೆಯ ಮಕ್ಕಳೂ ಆಟಕ್ಕೆ ಮುಟ್ಟುವುದಿಲ್ಲ, ಕರಗಿಸಿದವನಿಗೆ ಒಂದು ಹಾರ ಹಾಕಬೇಕು, ಕೊಲೆ ದರೋಡೆಗೇ ಬರೆಯಲು ಪುರುಸೊತ್ತಿಲ್ಲ ಎಂದ.

"ಅದೂ ಒಂದು ಅಪರಾಧನಾ ಅಜ್ಜಿ? ಮನೇಲಿ ಏನು ತೊಂದರೆ, ಅದನ್ನ ಹೇಳಿ. ಮಗ ಸೊಸೆ ಊಟ ಸರಿಯಾಗಿ ಹಾಕ್ತಿಲ್ವಾ?"

"ನಾನು ಟಂಕಸಾಲೆಯಲ್ಲಿ ಕೆಲಸ ಮಾಡಿದವಳು," ಎಂದರು ಅತ್ತೆ.

"ಆಯ್ತು, ಆಯ್ತು." ಅಧಿಕಾರಿ ಸೊಸೆಯ ಕಡೆ ತಿರುಗಿ ದನಿ ತಗ್ಗಿಸಿದ. "ವಯಸ್ಸಾದವರನ್ನ ಬಿಸಿಲಲ್ಲಿ ಯಾಕಮ್ಮ ಸುತ್ತಾಡಿಸ್ತೀರ? ಇಲ್ಲಿ ಸ್ವಲ್ಪ..." ಎಂದು ಬೆರಳನ್ನು ಕಿವಿಯ ಪಕ್ಕ ತಿರುಗಿಸಿದ.

ಅತ್ತೆ ಅದನ್ನು ನೋಡಿದರು. ಯಾವ ಮೇಲಧಿಕಾರಿಗೂ ಬಗ್ಗದ ಆ ಬೆನ್ನು ಕುರ್ಚಿಯಲ್ಲಿ ಸ್ವಲ್ಪ ಬಾಗಿದ್ದನ್ನು ಸೊಸೆ ಕಂಡಳು. ಅತ್ತೆ ಕೊಡೆಗಾಗಿ ತಡಕಾಡಿದರು, ಕೈಗೆ ಸಿಗಲಿಲ್ಲ. ಅವಳು ಬಾಯಿ ತೆರೆಯುವಷ್ಟರಲ್ಲಿ ಗಂಡ ಬಾಗಿಲಿನಿಂದ ಮೇಜಿನ ಹತ್ತಿರ ಬಂದಿದ್ದ.

ಅವನು ಸುಮ್ಮನೆ ನಿಂತಿದ್ದರೆ ಸಾಕಿತ್ತು. ದೂರು ಅಲ್ಲೇ ಬಿದ್ದುಹೋಗುತ್ತಿತ್ತು. ಚೀಲ ಹಿಡಿಕೆಯವನ ಮನೆಗೆ ಹೋಗುತ್ತಿತ್ತು, ಬಳೆ ಹೆಂಡತಿಯ ಕೈಗೆ ಬರುತ್ತಿತ್ತು.

"ನಮ್ಮನೇಲಿ ತಲೆ ಸರಿ ಇರೋದು ಅವರೊಬ್ಬರಿಗೇ," ಎಂದ ಅವನು. "ಅವರು ಹೇಳಿದ್ದು ಅಕ್ಷರ ಅಕ್ಷರ ನಿಜ. ಕಾಸು ಕರಗಿಸಿದವನು ನಾನು. ಉಳಿದ ಚೀಲ ಹೊರಗೆ ಗಾಡಿಯಲ್ಲಿದೆ. ಬರ್ಕೊಳ್ಳಿ."

ಅಧಿಕಾರಿಯ ನಗು ಅರ್ಧಕ್ಕೆ ನಿಂತಿತು. ನೀವೇ ಯಾಕ್ರೀ ಮೈಮೇಲೆ ಎಳ್ಕೊಳ್ತೀರ ಎಂದು ಮೆಲ್ಲಗೆ ಕೇಳಿದ. ದಂಡ ಬೀಳಬಹುದು, ಕೋರ್ಟಿಗೆ ಅಲೆಯಬೇಕಾಗಬಹುದು, ಒಳಗೂ ಹಾಕಬಹುದು, ಯಾರೂ ಕೇಳದ ಕಾನೂನು ಇದು, ಅಜ್ಜಿಯನ್ನು ಕರೆದುಕೊಂಡು ಸುಮ್ಮನೆ ಮನೆಗೆ ಹೋಗಿ ಎಂದ. ಗಂಡ ತಲೆಯಾಡಿಸಿದ.

"ಕಾನೂನು ಸರಿನೋ ತಪ್ಪೋ, ಅದನ್ನ ಮನೇಲಿ ಇನ್ನೂ ಜಗಳ ಆಡ್ತಿದ್ದೀವಿ. ಆದ್ರೆ ಇವರು ಕೊಟ್ಟ ದೂರು ಸುಳ್ಳು ಅಂತ ಆಗಬಾರದು. ಬರ್ಕೊಳ್ಳಿ."

ಪೇದೆ ಹೊರಗೆ ಹೋಗಿ ಒಂದು ಹಿಡಿ ಕಾಸು ತಂದು ಮೇಜಿನ ಮೇಲೆ ಸುರಿದ. ಅಧಿಕಾರಿ ನಿಟ್ಟುಸಿರು ಬಿಟ್ಟು ಬಿಳಿ ಹಾಳೆ ಎಳೆದುಕೊಂಡ. ಗಂಡನ ಹೆಸರು, ವಿಳಾಸ, ಉದ್ಯೋಗ ಕೇಳಿ ಬರೆದ. ಗಂಡ ಪ್ರತಿಯೊಂದಕ್ಕೂ ಸ್ಪಷ್ಟವಾಗಿ ಉತ್ತರ ಕೊಟ್ಟ. ಸೊಸೆ ಅವನ ಪಕ್ಕಕ್ಕೆ ಬಂದು ನಿಂತಳು. ಅವನ ಕೈಯನ್ನು ಠಾಣೆಯ ಜನರೆದುರಿಗೇ ಗಟ್ಟಿಯಾಗಿ ಹಿಡಿದುಕೊಂಡಳು.

ಅಧಿಕಾರಿ ಈಗ ಅತ್ತೆಯ ಕಡೆ ತಿರುಗಿದ. ಅವನ ದನಿಯಲ್ಲಿ ತಮಾಷೆ ಉಳಿದಿರಲಿಲ್ಲ.

"ದೂರು ಕೊಡ್ತಿರೋದು ನೀವು ತಾನೇ ಅಮ್ಮ? ಆರೋಪಿಗೂ ನಿಮಗೂ ಏನು ಸಂಬಂಧ?"

ಅತ್ತೆ ಕುರ್ಚಿಯಿಂದ ಎದ್ದು ನಿಂತರು. ಊದಿದ ಮೊಣಕಾಲಿನ ನೆನಪೇ ಅವರಿಗೆ ಇದ್ದಂತಿರಲಿಲ್ಲ. ಮಗನನ್ನು ಅಡಿಯಿಂದ ಮುಡಿಯವರೆಗೆ, ಸುಟ್ಟ ಕೈಯಿಂದ ಬೆಳ್ಳಗಾದ ತಲೆಯವರೆಗೆ ಒಮ್ಮೆ ನೋಡಿದರು. ಕಣ್ಣು ತುಂಬಿ ಬಂದಿತ್ತು, ಒರೆಸಿಕೊಳ್ಳಲಿಲ್ಲ.

"ಮಗ," ಎಂದರು. ಹೊರಗಿನ ಬೆಂಚಿನಲ್ಲಿ ಕೂತವರೂ ತಿರುಗಿ ನೋಡುವಷ್ಟು ಗಟ್ಟಿಯಾಗಿತ್ತು ಆ ದನಿ. ಅಧಿಕಾರಿ ಬರೆಯದೆ ಪೆನ್ನು ಹಿಡಿದುಕೊಂಡು ಅವರನ್ನೇ ನೋಡುತ್ತಿದ್ದ.

"ಬರೀರಿ ಸ್ವಾಮಿ. ಇವನು ನನ್ನ ಮಗ ಅಂತ ದಪ್ಪಕ್ಷರದಲ್ಲಿ ಬರೀರಿ."